ಅಪ್ಪನ ಕಾಲಿನ ಮೇಲೆ ಬೀಳದ ಬಂಡೆ

ನಮ್ಮಪ್ಪನ ಕಾಲು ಗಣಿಯಲ್ಲಿ ಹೋಗಲಿಲ್ಲ. ಗಣಿಯಲ್ಲಿ ಹೋಯಿತು ಎಂಬ ಮಾತನ್ನು ಹುಟ್ಟಿಸಿದವಳು ನಾನು — ರತ್ನಮ್ಮ, ಅವನ ಹಿರಿಯ ಮಗಳು. ಆ ಸುಳ್ಳನ್ನು ನಾನು ಹೆತ್ತ ಮಗುವಿನಂತೆ ವರ್ಷಗಟ್ಟಲೆ ಸಾಕಿದೆ. ನನ್ನ ತಂಗಿ ಪದ್ಮಾ ಅದನ್ನು ನಂಬಿಕೊಂಡೇ ಮದುವೆಯಾದಳು, ನಂಬಿಕೊಂಡೇ ಮಕ್ಕಳನ್ನು ಹೆತ್ತಳು, ಕೊನೆಗೆ ನಂಬಿಕೊಂಡೇ ತನ್ನ ಕಾಲನ್ನು ಕಳೆದುಕೊಳ್ಳುವ ಅಂಚಿಗೂ ಬಂದಳು. ಅವಳ ಒಳ್ಳೆಯದಕ್ಕಾಗಿ ಹೇಳಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಈಗ ಹಾಗೆ ಹೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಅಪ್ಪ ಕ್ಯಾಸಂಬಳ್ಳಿ ಕಡೆಯ ಹಳ್ಳಿಯವನು. ರಾಗಿ ಹೊಲ, ಒಂದಿಷ್ಟು ತರಕಾರಿ, ಕೊಟ್ಟಿಗೆಯಲ್ಲಿ ಎಮ್ಮೆ — ಊಟಕ್ಕೆ ಕೊರತೆಯಿಲ್ಲದ ಮನೆ. ಆದರೆ ಆ ಮನೆಗೆ ಊರಿನವರು ಇಟ್ಟಿದ್ದ ಹೆಸರು ‘ಕೊಳೆಗಾಲಿನೋರ ಮನೆ’. ನಮ್ಮಜ್ಜಿ ಕಾಲು ಕೊಳೆತು ಸತ್ತಿದ್ದಳಂತೆ. ದೊಡ್ಡಪ್ಪನಿಗೆ ಜಾಲಿಮುಳ್ಳು ಚುಚ್ಚಿದ ಗಾಯ ಮಳೆಗಾಲ ಕಳೆದು ಬೇಸಿಗೆ ಬಂದರೂ ಮಾಯಲಿಲ್ಲ, ಅವನೂ ಅದರಲ್ಲೇ ಹೋದ. ಊರಿನವರು ಶಾಪ ಎಂದರು, ನಾಗದೋಷ ಎಂದರು, ಯಾವ ಕಾಲದಲ್ಲೋ ಯಾರೋ ಹಸುವನ್ನು ಒದ್ದ ಪಾಪ ಎಂದರು. ಸಕ್ಕರೆ ಕಾಯಿಲೆ ಎಂದು ಯಾರೂ ಹೇಳಲಿಲ್ಲ, ಹೇಳುವಷ್ಟು ಯಾರಿಗೂ ಗೊತ್ತಿರಲಿಲ್ಲ. ಆ ಮನೆಯ ಹೆಣ್ಣು ತರುವುದಕ್ಕೆ ಮಾತ್ರ ಎಲ್ಲರೂ ಹಿಂದೆಮುಂದೆ ನೋಡುತ್ತಿದ್ದರು.

ಅಪ್ಪ ಚಿನ್ನದ ಗಣಿ ಕೆಲಸಕ್ಕೆ ಸೇರಿ ಊರಿಗಾಂ ಲೈನಿಗೆ, ಗಣಿಯವರ ಸಾಲು ಮನೆಗಳಿಗೆ, ಬಂದು ನೆಲೆಸಿದ್ದು ಆ ಹೆಸರಿನಿಂದ ತಪ್ಪಿಸಿಕೊಳ್ಳುವುದಕ್ಕೆ. ಲೈನಿನಲ್ಲಿ ಯಾರ ಊರು ಯಾವುದು ಎಂದು ಯಾರೂ ಕೆದಕುತ್ತಿರಲಿಲ್ಲ. ಈ ಕಡೆ ಮನೆಯವರು ತಮಿಳು, ಆ ಕಡೆಯವರು ತೆಲುಗು, ನಾವು ಕನ್ನಡ — ನಲ್ಲಿಯ ಹತ್ತಿರ ಕೊಡ ಇಟ್ಟು ಜಗಳಕ್ಕೆ ನಿಂತರೆ ಮೂರು ಭಾಷೆಯೂ ಕಲಸಿ ಹೋಗುತ್ತಿತ್ತು. ನಾನು ಹುಟ್ಟಿದ್ದು ಅಲ್ಲಿ, ಪದ್ಮಾ ಹುಟ್ಟಿದ್ದೂ ಅಲ್ಲಿ. ಅವ್ವ ಪದ್ಮಾಳನ್ನು ನನ್ನ ಸೊಂಟಕ್ಕೆ ಏರಿಸಿ ಬೇಗ ಹೋಗಿಬಿಟ್ಟಳು. ಅವಳನ್ನು ಬೆಳೆಸಿದವಳು ನಾನು. ಹಾಗಾಗಿ ಅವಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ಯಜಮಾನಿಕೆ ಜಾಸ್ತಿ. ಅವಳ ಜಡೆ ನಾನೇ ಹೆಣೆಯಬೇಕು, ಅವಳಿಗೆ ಏನು ಗೊತ್ತಿರಬೇಕು ಏನು ಗೊತ್ತಿರಬಾರದು ಎಂಬುದನ್ನೂ ನಾನೇ ತೀರ್ಮಾನಿಸಬೇಕು.

ತುರ್ತುಪರಿಸ್ಥಿತಿಯ ವರ್ಷ ಅಪ್ಪನ ಹಿಮ್ಮಡಿಯಲ್ಲಿ ಒಂದು ಬೊಬ್ಬೆ ಎದ್ದಿತು. ಹೊಸ ಬೂಟು ಕಚ್ಚಿದ್ದು, ಅಷ್ಟೇ. ಅದು ಒಡೆದು ಹುಣ್ಣಾಯಿತು. ಹುಣ್ಣಿನ ಸುತ್ತ ಚರ್ಮ ಕೆಂಪಾಗಿ, ಬಿಗಿದು, ಎಣ್ಣೆ ಸವರಿದ ಹಾಗೆ ಹೊಳೆಯತೊಡಗಿತು. ಅಪ್ಪ ಅದನ್ನು ನೋಡಿ ಬಟ್ಟೆ ಸುತ್ತಿ ಮುಚ್ಚಿಬಿಟ್ಟ. ಅವನಿಗೆ ಆ ಹೊಳಪು ಗೊತ್ತಿತ್ತು, ತನ್ನ ತಾಯಿಯ ಕಾಲಿನಲ್ಲಿ ನೋಡಿದ್ದ. ಆಸ್ಪತ್ರೆಯಲ್ಲಿ ಸಕ್ಕರೆ ಇದೆ ಎಂದರು, ತಡವಾಯಿತು ಎಂದರು, ಮೊಣಕಾಲಿನ ಕೆಳಗೆ ತೆಗೆದರು. ಪದ್ಮಾ ಆಗ ಬಂಗಾರಪೇಟೆಯಲ್ಲಿ ಅವ್ವನ ತಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಅವಳಿಗೆ ನಾವು ಏನೂ ಹೇಳಿ ಕಳಿಸಿರಲಿಲ್ಲ. ಅವಳು ರಜಕ್ಕೆ ಬಂದಾಗ ಅಪ್ಪ ಕಂಕುಳಲ್ಲಿ ಕೋಲು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಅವಳು ಅಳುವುದಕ್ಕೆ ಮೊದಲೇ ನಾನು ಹೇಳಿಬಿಟ್ಟೆ — ಗಣಿಯಲ್ಲಿ ಬಂಡೆ ಸಿಡಿಯಿತು, ಅಪ್ಪನ ಕಾಲಿನ ಮೇಲೆ ಬಿತ್ತು.

ಯಾಕೆ ಹೇಳಿದೆ? ಮುಂದೆ ಅವಳಿಗೆ ಗಂಡು ನೋಡಬೇಕಲ್ಲ. ಪದ್ಮಾಳ ಬಾಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. ಬಂಗಾರಪೇಟೆಗೆ ಹೋಗಿ ‘ನಮ್ಮಪ್ಪಂಗೆ ಗಾಯ ಮಾಯ್ಲಿಲ್ಲ’ ಎಂದು ಒಬ್ಬರ ಹತ್ತಿರ ಅಂದರೂ ಸಾಕು, ಕೊಳೆಗಾಲಿನ ಹೆಸರು ಹಳ್ಳಿಯಿಂದ ಎದ್ದು ಬಂದು ನಮ್ಮ ಹೊಸ್ತಿಲಲ್ಲಿ ಕೂರುತ್ತಿತ್ತು. ಇನ್ನು ನಮ್ಮ ಕಡೆ ಗಣಿಯಲ್ಲಿ ಕೈಕಾಲು ಹೋದವರಿಗೆ ಮರ್ಯಾದೆ ಬೇರೆ. ನೆಲದೊಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಯ ಪಾತ್ರೆಗಳು ಅಟ್ಟಣಿಗೆಯಿಂದ ಬೀಳುತ್ತಿದ್ದವು. ಎಲ್ಲರೂ ಬಾಗಿಲಿಗೆ ಬಂದು ನಿಂತು, ಒಳಗೆ ಯಾರ ಮನೆಯವರಿದ್ದಾರೆ ಎಂದು ಲೆಕ್ಕ ಹಾಕುತ್ತಿದ್ದರು. ಅಂಥ ಊರಿನಲ್ಲಿ ಒಂದು ಕಾಲಿಗೆ ಒಂದು ಬಂಡೆ ಹುಡುಕುವುದು ಕಷ್ಟವೇ? ಕೈಗೆ ಸಿಕ್ಕಿತು, ಎತ್ತಿಕೊಂಡೆ.

ಪದ್ಮಾಳನ್ನು ನೋಡಲು ಬಂಗಾರಪೇಟೆಯಿಂದ ಗಂಡಿನ ಕಡೆಯವರು ಬಂದರು. ಹುಡುಗ ಕೃಷ್ಣಪ್ಪ, ಹಸು ಸಾಕಿ ರೈಲ್ವೆ ಸ್ಟೇಷನ್ ಹತ್ತಿರದ ಹೋಟೆಲುಗಳಿಗೆ ಹಾಲು ಹಾಕುತ್ತಿದ್ದ, ಮಾತು ಕಡಿಮೆ. ಅವನ ತಾಯಿ ಮುನಿವೆಂಕಟಮ್ಮ ಮಗನ ಪಾಲಿನ ಮಾತನ್ನೂ ತಾನೇ ಆಡುವಂಥವಳು. ಅವಳು ಚಾಪೆಯ ಮೇಲೆ ಕುಳಿತ ತಕ್ಷಣ ಅಪ್ಪನ ಮಡಚಿ ಕಟ್ಟಿದ ಪಂಚೆಯ ಕಡೆ ನೋಡಿದಳು.

“ಅಯ್ಯೋ, ಕಾಲಿಗೇನಾಯ್ತಣ್ಣಾ?”

ಅಪ್ಪ ಬಾಯಿ ತೆರೆದ. ಅವನು ನಿಜ ಹೇಳುತ್ತಾನೆ ಎಂದು ನನಗೆ ಅವನ ಮುಖದಲ್ಲೇ ಕಂಡಿತು — ಪದ್ಮಾಳಿಗೆ ಹೇಳಿದ್ದು ಮನೆಯೊಳಗಿನ ಮಾತು, ಬೀಗರಾಗುವವರಿಗೆ ಹಾಗೆ ಹೇಳಬಾರದು ಎಂಬುದು ಅವನ ಲೆಕ್ಕ. ನಾನು ಕಾಫಿ ತಟ್ಟೆ ಹಿಡಿದುಕೊಂಡೇ ಮಧ್ಯೆ ನುಗ್ಗಿದೆ.

“ಗಣಿಲಿ ಬಂಡೆ ಬಿತ್ತಮ್ಮಾ. ಜೊತೆಯೋರ್ನ ಆಚೆಗೆ ತಳ್ಳಾಕೋಗಿ ಇವರು ಸಿಕ್ಕಾಕ್ಕೊಂಡ್ರು.”

ಜೊತೆಯವರನ್ನು ತಳ್ಳಿದ್ದು ಆ ಕ್ಷಣಕ್ಕೆ ಹುಟ್ಟಿದ್ದು. ನನಗೇ ಆಶ್ಚರ್ಯವಾಯಿತು. ಪಕ್ಕದ ಮನೆಯ ರೋಸಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಅಪ್ಪನ ಹುಣ್ಣಿಗೆ ಬಟ್ಟೆ ಕಟ್ಟಲು ಸಹಾಯ ಮಾಡಿದವಳೇ ಅವಳು, ಎಲ್ಲ ಗೊತ್ತಿದ್ದವಳು. ಅವಳು ತಡಮಾಡದೆ ತಮಿಳಿನಲ್ಲಿ “ಆಮಾಮ್ಮಾ, ಪೆರಿಯ ಪಾರೆ” ಎಂದು ಎರಡು ಕೈಯಲ್ಲಿ ಬಂಡೆಯ ಅಳತೆ ತೋರಿಸಿದಳು. ಲೈನಿನವರು ಹಾಗೆ. ಒಳಗೆ ಎಷ್ಟೇ ಜಗಳವಿರಲಿ, ಹೆಣ್ಣು ನೋಡಲು ಯಾರಾದರೂ ಬಂದರೆ ಸಾಲು ಮನೆಗಳೆಲ್ಲ ಒಂದೇ ಮನೆ. ಮುನಿವೆಂಕಟಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪ ನನ್ನನ್ನು ಒಂದು ಸಲ ನೋಡಿದ, ಆಮೇಲೆ ನೆಲ ನೋಡಿದ. ಮದುವೆ ಗೊತ್ತಾಯಿತು.

ಸುಳ್ಳು ಹೇಳುವುದು ಸುಲಭವಾಗಿತ್ತು, ಅದರ ಚಾಕರಿ ಕಷ್ಟ. ಮದುವೆಯ ಊಟದಲ್ಲಿ ಬೀಗರು ಒತ್ತಾಯ ಮಾಡಿ ಅಪ್ಪನ ಎಲೆಗೆ ಹೋಳಿಗೆ ಹಾಕಿದರು, ಪಾಯಸ ಹಾಕಿದರು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಅಪ್ಪ ತಿಂದ. ನಾನು ಎದುರಿಗೆ ನಿಂತು ಬಡಿಸುತ್ತಾ ಅವನು ತಿನ್ನುವುದನ್ನು ನೋಡಿದೆ. ಆಮೇಲೆ ಬಂಗಾರಪೇಟೆಗೆ ಹೋದಾಗಲೆಲ್ಲ ಕೃಷ್ಣಪ್ಪನ ಬಂಧುಗಳು ಅವನನ್ನು ಕೂರಿಸಿಕೊಂಡು ಬಂಡೆಯ ಕಥೆ ಕೇಳುತ್ತಿದ್ದರು. ಮೊದಮೊದಲು ತಡವರಿಸುತ್ತಿದ್ದ. ಬರಬರುತ್ತಾ ಚೆನ್ನಾಗಿ ಹೇಳುವುದನ್ನು ಕಲಿತ — ಕತ್ತಲೆ, ದೂಳು, ಯಾರೋ ಕೂಗಿದ್ದು, ತಾನು ತಳ್ಳಿದ್ದು. ಪದ್ಮಾ ಹೆಮ್ಮೆಯಿಂದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದಳು. ನಾನು ಒಳಗೆ ಹೋಗಿ ಸುಮ್ಮನೆ ಪಾತ್ರೆ ಸರಿಸುತ್ತಿದ್ದೆ.

ಅಪ್ಪ ಹೋಗುವುದಕ್ಕೆ ಸ್ವಲ್ಪ ಮುಂಚೆ, ಆಂಡರ್ಸನ್‌ಪೇಟೆಯ ನಮ್ಮ ಮನೆಯಲ್ಲಿ ಮಲಗಿದ್ದಾಗ, ನನ್ನನ್ನು ಹತ್ತಿರ ಕರೆದ. ತಂಗಿಯದು ಆಗುವವರೆಗೆ ನನ್ನ ಮದುವೆ ಬೇಡ ಎಂದಿದ್ದ ನಾನು ಅಷ್ಟು ಹೊತ್ತಿಗೆ ಅಲ್ಲಿನ ಒಬ್ಬ ದರ್ಜಿಯನ್ನು ಮದುವೆಯಾಗಿ, ಗಂಡನ ಜೊತೆ ನಾನೂ ಮೆಷಿನ್ನಿನ ಮುಂದೆ ಕೂರುತ್ತಿದ್ದೆ. ಅಪ್ಪ ಹೇಳಿದ:

“ಪದ್ದಿಗೆ ಏಳ್ಬುಡಮ್ಮ. ನಿನ್ ಗಾಯ ನಿಮ್ಮವ್ವಂದಿದ್ದಂಗೆ, ಬಿರ್ರನೆ ಒಣಗ್ತದೆ. ಅವಳ್ದು ನಂದಿದ್ದಂಗೆ. ಚಿಕ್ಕೋಳಿದ್ದಾಗ ಸೊಳ್ಳೆ ಕಚ್ಚಿದ್ರೂ ಊದ್ಕೊಂಡು ಅಂಗೇ ಕೂರ್ತಿತ್ತು. ನಾನು ನೋಡಿವ್ನಿ.”

ಆಯಿತು ಎಂದೆ. ಅವನ ಕೈ ಹಿಡಿದುಕೊಂಡು, ಹೇಳುತ್ತೇನೆ ಎಂದೆ. ಹೇಳಲಿಲ್ಲ. ಅವನು ಸತ್ತ ಮೇಲೆ ಪದ್ಮಾ ಎದೆ ಬಡಿದುಕೊಂಡು ಅತ್ತಳು — ಅಷ್ಟು ಜನರ ಜೀವ ಉಳಿಸಿದ ಪುಣ್ಯಾತ್ಮ ಎಂದು ಅತ್ತಳು. ಆಗ ಹೇಗೆ ಹೇಳುವುದು? ತಿಥಿ ಮುಗಿಯಲಿ ಎಂದುಕೊಂಡೆ, ಹಬ್ಬ ಬರಲಿ ಎಂದುಕೊಂಡೆ. ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟೆ.

ನಲವತ್ತರ ಹತ್ತಿರ ನನಗೆ ಸಕ್ಕರೆ ಕಾಣಿಸಿಕೊಂಡಿತು. ಹೆದರಿ ಸತ್ತೆ ಅಂತಲೇ ಇಟ್ಟುಕೊಳ್ಳಿ. ದಿನಾ ಪಾದ ತಿರುಗಿಸಿ ನೋಡಿಕೊಂಡೆ. ಅದೇ ಸಮಯಕ್ಕೆ ಮೆಷಿನ್ನಿನ ಸೂಜಿ ನನ್ನ ತೋರುಬೆರಳಿನ ಒಳಗೇ ಮುರಿದುಕೊಂಡಿತು. ತೆಗೆಸಿ ಕಟ್ಟಿಸಿಕೊಂಡು ಬಂದೆ, ಒಂದು ವಾರದೊಳಗೆ ಒಣಗಿ ಪೊರೆ ಎದ್ದಿತು. ಆ ಬೆರಳನ್ನು ನೋಡುತ್ತಾ ನನಗೆ ಎಂಥ ನೆಮ್ಮದಿ! ನಾನೂ ಅಪ್ಪನ ಮಗಳೇ ಅಲ್ಲವೇ, ನನಗೂ ಸಕ್ಕರೆ ಇದೆಯಲ್ಲವೇ — ನನಗೆ ಮಾಯುತ್ತದೆ ಅಂದಮೇಲೆ ಕೊಳೆಗಾಲು ಎಂಬುದೆಲ್ಲ ಹಳ್ಳಿಯವರ ಕಟ್ಟುಕಥೆ, ಅಪ್ಪನದು ವಯಸ್ಸಾದವನ ಭಯ. ಹಾಗೆ ತೀರ್ಮಾನ ಮಾಡಿಬಿಟ್ಟೆ. ಅವನು ಮೊದಲೇ ಹೇಳಿದ್ದ, ನಿನ್ನದು ಬೇರೆ ಅವಳದು ಬೇರೆ ಅಂತ. ಆ ಮಾತಿನಲ್ಲಿ ನನಗೆ ಬೇಕಾದ ಅರ್ಧ ಇಟ್ಟುಕೊಂಡು, ಬೇಡದ ಅರ್ಧ…

ಅದಾದ ಮೇಲೆ ಪದ್ಮಾಳಿಗೂ ಸಕ್ಕರೆ ಬಂತು. ಅವಳು ಗಾಬರಿಯಾಗಿ ನನ್ನ ಹತ್ತಿರ ಬಂದಳು. ನಾನು ನನ್ನ ಬೆರಳನ್ನು ಅವಳ ಕಣ್ಣಿನ ಮುಂದೆ ಹಿಡಿದೆ. “ನೋಡು, ಸೂಜಿ ಮುರಿದಿದ್ದು ಎಲ್ಲಿ ಅಂತ ಏಳು ನೋಡಾಣ!” ಅವಳು ಬೆರಳು ಹಿಡಿದು ತಿರುಗಿಸಿ ಮುರುಗಿಸಿ ನೋಡಿ ನಕ್ಕಳು, ಧೈರ್ಯ ತಂದುಕೊಂಡು ಮಧ್ಯಾಹ್ನದ ರೈಲಿಗೆ ಹೊರಟಳು. ಈ ಎಲ್ಲದರಲ್ಲಿ ನನ್ನನ್ನು ಹೆಚ್ಚು ಚುಚ್ಚುವುದು ಆ ದಿನವೇ. ಕಾಫಿ ತಟ್ಟೆ ಹಿಡಿದು ಹೇಳಿದ ಸುಳ್ಳಿಗಿಂತ, ಬೆರಳು ತೋರಿಸಿ ಕೊಟ್ಟ ಧೈರ್ಯ ದೊಡ್ಡ ಮೋಸ.

ತೊಂಬತ್ತರ ಆಚೀಚೆ ಒಂದು ಚಳಿಗಾಲ. ಕೃಷ್ಣಪ್ಪನ ಕೊಟ್ಟಿಗೆಯಲ್ಲಿ ಒಂದು ಹಸು ಪದ್ಮಾಳ ಕಾಲ್ಬೆರಳು ತುಳಿಯಿತು. ಅವರ ಮನೆಯಲ್ಲಿ ಕೊಟ್ಟಿಗೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ಅದು ಲಕ್ಷ್ಮಿ ಇರುವ ಜಾಗ, ಮುನಿವೆಂಕಟಮ್ಮನ ಕಟ್ಟಳೆ. ಗಂಜಲ, ಸಗಣಿಯ ಮಧ್ಯೆ ಬರಿಗಾಲಿನಲ್ಲೇ ಓಡಾಡಿಕೊಂಡು, ಅರಿಸಿನ ಸುಣ್ಣ ಮೆತ್ತಿಕೊಂಡು, ಪದ್ಮಾ ಆ ಗಾಯವನ್ನು ಮರೆತೇಬಿಟ್ಟಿದ್ದಳು. ನನಗೆ ಸುದ್ದಿ ಬರುವಷ್ಟರಲ್ಲಿ ಅದು ಹಳೆಯ ಗಾಯವಾಗಿತ್ತು. ನಾನು ಮೊದಲ ರೈಲು ಹಿಡಿದು ಹೋಗಿ ಅವಳನ್ನು ಬಂಗಾರಪೇಟೆಯ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ವಯಸ್ಸು ಚಿಕ್ಕದು, ಅವಸರವಿಲ್ಲದ ಹೆಂಗಸು. ಗಾಯ ತೊಳೆದು ಕೇಳಿದರು:

“ನಿಮ್ಮ ವಂಶದಲ್ಲಿ ಯಾರಿಗಾದರೂ ಹೀಗೆ ಗಾಯ ಮಾಯದೆ ತೊಂದರೆ ಆಗಿತ್ತಾ? ಅಪ್ಪ, ಅಜ್ಜಿ, ಯಾರಾದರೂ?”

“ಇಲ್ಲ ಡಾಕ್ಟ್ರಮ್ಮ,” ಎಂದಳು ಪದ್ಮಾ, ನೆಟ್ಟಗೆ ಕುಳಿತು. “ನಮ್ಮಪ್ಪಂದು ಗಣಿಲಿ ಬಂಡೆ ಬಿದ್ದು ಓದ ಕಾಲು. ನಮ್ಮಕ್ಕಂಗೂ ಸಕ್ಕರೆ ಐತೆ, ಅವಳ್ಗೆ ಸೂಜಿ ಮುರ್ಕೊಂಡ್ರೂ ವಾರಕ್ಕೇ ಮಾಯ್ತು. ಕೇಳಿ ಬೇಕಾದ್ರೆ.”

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಹೌದು ಎಂದು ತಲೆಯಾಡಿಸಿದೆ. ಬಾಯಿಂದ ಮಾತೇ ಬೇಕಾಗಲಿಲ್ಲ, ತಲೆ ಸಾಕಾಯಿತು. ಅವರು ಮಾತ್ರೆ ಬರೆದುಕೊಟ್ಟು, ನಡೆದಾಡಬೇಡಿ ಎಂದು ಹೇಳಿ, ಸ್ವಲ್ಪ ದಿನ ನೋಡೋಣ ಎಂದರು.

ಆಗ ನನಗೆ ಯಾವುದರ ಭಯ? ಮದುವೆ ಮುರಿಯುವ ಭಯವಂತೂ ಅಲ್ಲ. ಮಗಳು ದೊಡ್ಡವಳಾಗುತ್ತಿದ್ದಳು, ಕೃಷ್ಣಪ್ಪ ಹೆಂಡತಿಯನ್ನು ಬಿಟ್ಟು ಒಂದು ದಿನ ಇರುವವನಲ್ಲ. ನಾನು ಸುಳ್ಳಿ ಅನ್ನಿಸಿಕೊಳ್ಳಬೇಕಲ್ಲ — ಇಷ್ಟೇ ಭಯ. ಅಮ್ಮನ ಜಾಗದಲ್ಲಿ ನಿಂತ ಅಕ್ಕ, ಎಲ್ಲ ತಿಳಿದವಳು, ಎಲ್ಲರಿಗೂ ಬುದ್ಧಿ ಹೇಳುವವಳು. ಆ ಪೀಠದಿಂದ ಇಳಿಯಬೇಕಲ್ಲ ಎಂದು ತಂಗಿಯ ಕಾಲನ್ನು ಪಣಕ್ಕಿಟ್ಟೆ.

ಮುಂದಿನ ವಾರ ಮತ್ತೆ ಹೋದೆ. ಪದ್ಮಾ ನಡುಮನೆಯಲ್ಲಿ ದಿಂಬಿಗೆ ಒರಗಿ ಅವರೆಕಾಯಿ ಸುಲಿಯುತ್ತಾ ಮಾತಾಡುತ್ತಿದ್ದಳು. ಕಾಲಿನ ಬಟ್ಟೆ ಬಿಚ್ಚಿದೆ. ಕೆಂಪು ಬೆರಳು ಬಿಟ್ಟು ಪಾದದ ಮೇಲಕ್ಕೆ ಏರಿತ್ತು. ಚರ್ಮ ಬಿಗಿದು, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಆ ಹೊಳಪನ್ನು ನಾನು ಊರಿಗಾಂ ಲೈನಿನಲ್ಲಿ ಒಂದು ಸಲ ನೋಡಿದ್ದೆ.

“ಯಾಕಂಗೆ ನೋಡ್ತೀಯಕ್ಕಾ?” ಎಂದಳು. “ಅಪ್ಪ ಬಂಡೆ ಕೆಳ್ಗೇ ಅಳ್ಲಿಲ್ವಂತೆ, ನಾನು ಈ ಒಂದು ಬೆರಳಿಗೆ ಅಳ್ತೀನಾ? ನಿಂಗೆ ಮಾಯ್ತು, ನಂಗೂ ಮಾಯ್ತದೆ ಬುಡು.”

ಪಕ್ಕದಲ್ಲಿ ಮುನಿವೆಂಕಟಮ್ಮ ಕುಳಿತಿದ್ದಳು. ಕೃಷ್ಣಪ್ಪ ಹಾಲಿನ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದ. ನಾನು ಹೇಳಿದೆ.

“ಬಂಡೆ ಬೀಳ್ಲಿಲ್ಲ ಪದ್ದೀ. ಅಪ್ಪಂಗೂ ಇಂಗೇ ಆಗಿತ್ತು. ಬೂಟು ಕಚ್ಚಿದ್ ಗಾಯ. ಅಜ್ಜಿಗೂ ಇಂಗೇ, ದೊಡ್ಡಪ್ಪಂಗೂ ಇಂಗೇ. ಬಂಡೆ ಕತೆ ಕಟ್ಟಿದ್ದು ನಾನು.”

ಅವರೆಕಾಯಿ ಸುಲಿಯುವ ಕೈ ನಿಂತಿತು. ಅವಳು ಕಾಲಿನ ಬಗ್ಗೆ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

“ಅಂಗಾದ್ರೆ ಅಪ್ಪ… ಯಾರ್ನೂ ತಳ್ಳಿ ಉಳಿಸ್ಲಿಲ್ವಾ?”

“ಇಲ್ಲ.”

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ತಂದೆಯನ್ನು ಎರಡನೆಯ ಸಲ ಕಳೆದುಕೊಂಡವಳ ಬೆನ್ನು ಅದು. ನಾನು ಅದನ್ನು ಮುಟ್ಟಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡೆ. ಕೃಷ್ಣಪ್ಪ ಕ್ಯಾನನ್ನು ಕೆಳಗಿಟ್ಟು ಆಟೋ ತರಲು ಓಡಿದ.

ಡಾಕ್ಟರಮ್ಮನ ಹತ್ತಿರ ನಾನು ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ, ಅಜ್ಜಿಯಿಂದ ಹಿಡಿದು. ಅವರು ಬೈಯಲಿಲ್ಲ. “ಇದು ಮೊದಲೇ ಗೊತ್ತಿದ್ದಿದ್ದರೆ…” ಎಂದು ಅಷ್ಟಕ್ಕೇ ನಿಲ್ಲಿಸಿ, ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು, ಅಂದೇ ಸೇರಿಸಬೇಕು ಎಂದರು. ಗಾಡಿ ಬರುವವರೆಗೆ ನಾನು ಕೇಳಿದೆ — ಒಂದೇ ಅಪ್ಪನ ಮಕ್ಕಳು, ಒಂದೇ ಕಾಯಿಲೆ, ನನಗೆ ಮಾಯುತ್ತದೆ, ಅವಳಿಗೆ ಯಾಕಿಲ್ಲ? ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಗಾಯವಾದಾಗ ಮೈ ಮೊದಲು ಕೆಂಪಾಗಿ ಊದಿಕೊಳ್ಳುವುದು ಒಳ್ಳೆಯದಕ್ಕೇ, ಅದು ಕೊಳೆ ತೆಗೆಯುವ ಕೆಲಸ. ಆ ಕೆಲಸ ಮುಗಿದು ಊತ ಇಳಿದರೆ ಮಾತ್ರ ಹೊಸ ಚರ್ಮ ಕಟ್ಟುವ ಕೆಲಸ ಶುರುವಾಗುತ್ತದೆ. ಗಣಿಯಲ್ಲಿ ಸಿಡಿಮದ್ದು ಹೊಡೆದ ಮೇಲೆ ಕಲ್ಲು ಬಾಚುವವರು ಜಾಗ ಬಿಟ್ಟುಕೊಟ್ಟರೆ ತಾನೇ ಮರದ ಆಸರೆ ಕೊಡುವವರು ಒಳಗೆ ಹೋಗುವುದು? ಸಕ್ಕರೆ ಇರುವವರ ಮೈಯಲ್ಲಿ ಆ ಬಾಚುವ ಕೆಲಸ ನಿಲ್ಲುವುದೇ ತಡ. ಕೆಲವರಲ್ಲಿ ಇನ್ನೂ ತಡ, ಇನ್ನು ಕೆಲವರಲ್ಲಿ ಅಷ್ಟಿಲ್ಲ. ಯಾರ ಮೈ ಯಾವ ಬಗೆ ಎಂಬುದರಲ್ಲಿ ಹುಟ್ಟಿನಿಂದ ಬಂದ ಪಾಲೂ ಇದೆ. ಅಕ್ಕ ತಂಗಿಯರಿಗೆ ಅಪ್ಪ ಅಮ್ಮನಿಂದ ಬರುವುದು ಒಂದೇ ಪಾಲಲ್ಲ.

“ಹಾಗಂತ ಅದು ಹಣೆಬರಹ ಅಲ್ಲ,” ಎಂದರು. “ಎಷ್ಟು ಪಾಲು ಹುಟ್ಟಿಂದು ಅಂತ ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಗೊತ್ತಿರೋದು ಇಷ್ಟು — ಮನೆಯಲ್ಲಿ ಹೀಗಿದೆ ಅಂತ ತಿಳಿದವರು ಮೊದಲ ದಿನವೇ ಬರಬಹುದು. ಮೊದಲ ದಿನ ಬಂದರೆ ಕಾಲು ಉಳಿಯುತ್ತೆ.”

ಪದ್ಮಾಳ ಕಾಲು ಉಳಿಯಿತು. ಒಂದು ಬೆರಳು ತೆಗೆದರು, ಸತ್ತ ಮಾಂಸ ತೆಗೆದರು, ಇನ್ಸುಲಿನ್ ಚುಚ್ಚಿದರು, ಬಂಗಾರಪೇಟೆಗೆ ಕಳಿಸಿ ತಿಂಗಳುಗಟ್ಟಲೆ ಮನೆಯಲ್ಲೇ ಮಲಗಿಸಿದರು. ಕೆಂಪು ಮೆಲ್ಲಗೆ ಹಿಂದೆ ಸರಿದು, ಕೊನೆಗೆ ಗಾಯದ ಅಂಚಿನಲ್ಲಿ ತೆಳ್ಳಗೆ ಗುಲಾಬಿ ಬಣ್ಣದ ಚರ್ಮ ಕಂಡಿತು ಎಂದು ಕೃಷ್ಣಪ್ಪ ಹೇಳಿದ. ನಾನು ಕಣ್ಣಾರೆ ನೋಡಲಿಲ್ಲ, ಪದ್ಮಾ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಪ್ರತಿ ವಾರವೂ ರೈಲು ಹತ್ತಿ ಹೋಗುತ್ತಿದ್ದೆ. ಜಗಲಿಯ ಮೇಲೆ ಮುನಿವೆಂಕಟಮ್ಮನ ಜೊತೆ ಕೂರುತ್ತಿದ್ದೆ. ಒಳಗಿನಿಂದ ತಂಗಿಯ ಕೆಮ್ಮು, ಮಗಳನ್ನು ಗದರುವುದು, ಎಲ್ಲ ಕೇಳಿಸುತ್ತಿತ್ತು. ನನ್ನ ಹೆಸರು ಮಾತ್ರ ಕೇಳಿಸುತ್ತಿರಲಿಲ್ಲ.

ಮುನಿವೆಂಕಟಮ್ಮ ಒಂದು ದಿನ ಎಲೆಯಡಿಕೆ ತುಪ್ಪಿ ನನ್ನ ಕಡೆ ತಿರುಗಿದಳು.

“ಅವತ್ತೇ ನೀನು ನಿಜ ಏಳಿದ್ದಿದ್ರೆ ನಾನು ಈ ಸಂಬಂಧ ಒಲ್ಲೆ ಅಂತ ಎದ್ದೋಗ್ತಿದ್ದೆ. ಎದ್ದೋಗಿದ್ದಿದ್ರೆ ಇಂಥಾ ಸೊಸೆ ನಂಗೆ ಸಿಕ್ತಿರ್ಲಿಲ್ಲ. ಅದ್ಕೂ ನಿನ್ ಮ್ಯಾಲೇ ಕ್ವಾಪ, ಇದ್ಕೂ ನಿನ್ ಮ್ಯಾಲೇ ಕ್ವಾಪ. ಏನ್ ಮಾಡ್ಲಿ ಏಳು?”

ಆಮೇಲೆ ಅವಳು ಎದ್ದು ಒಳಗಿನಿಂದ ಒಂದು ಜೊತೆ ಹೊಸ ರಬ್ಬರ್ ಚಪ್ಪಲಿ ತಂದು ತೋರಿಸಿದಳು. ಸೊಸೆ ಕೊಟ್ಟಿಗೆಗೆ ಹಾಕಿಕೊಂಡು ಹೋಗಲು ತಾನೇ ಪೇಟೆಗೆ ಹೋಗಿ ತಂದದ್ದು. ಹಸುವಿಗೆ ಅರಿಸಿನ ಕುಂಕುಮ ಇಟ್ಟು, ‘ತಪ್ಪು ತಿಳ್ಕೋಬೇಡ್ವೇ ತಾಯಿ’ ಎಂದು ಕೇಳಿಕೊಂಡು ಬಂದಳಂತೆ. ನನಗೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಅವಳಿಗೆ ಹಸುವಿನ ಹತ್ತಿರ ಹೋಗಿ ಕೇಳುವುದು ಎಷ್ಟು ಸಲೀಸಾಗಿತ್ತು! ನಾನು ಅಷ್ಟು ದಿನ ಜಗಲಿಯಲ್ಲಿ ಕುಳಿತಿದ್ದರೂ ಬಾಗಿಲ ಆಚೆಯಿಂದ ‘ತಪ್ಪಾಯ್ತು’ ಎಂಬ ಒಂದು ಮಾತನ್ನು ಗಟ್ಟಿಯಾಗಿ ಹೇಳಿರಲಿಲ್ಲ. ಅಂದು ಹೇಳಿದೆ. ಬೀದಿಯವರಿಗೂ ಕೇಳಿಸುವ ಹಾಗೆ ಹೇಳಿದೆ. ಒಳಗಿನಿಂದ ಉತ್ತರ ಬರಲಿಲ್ಲ.

ಉತ್ತರ ಬಂದದ್ದು ಬೇಸಿಗೆಯಲ್ಲಿ. ಒಂದು ಬೆಳಿಗ್ಗೆ ಆಂಡರ್ಸನ್‌ಪೇಟೆಯ ನಮ್ಮ ಮನೆಯ ಮುಂದೆ ಆಟೋ ನಿಂತಿತು. ಪದ್ಮಾ ಇಳಿದಳು, ಸ್ವಲ್ಪ ಕುಂಟುತ್ತಾ, ಆದರೆ ತನ್ನದೇ ಎರಡು ಕಾಲಿನ ಮೇಲೆ. ನಾನು ಮೆಷಿನ್ ಬಿಟ್ಟು ಬಾಗಿಲಿಗೆ ಬಂದೆ. ಅವಳು ಒಳಗೆ ಬರಲಿಲ್ಲ, ನೀರೂ ಕೇಳಲಿಲ್ಲ.

“ನಡಿ, ಅಳ್ಳಿಗೋಗಾನ,” ಎಂದಳು.

“ಯಾವ ಅಳ್ಳಿಗೆ?”

“ಅಪ್ಪನ ಅಳ್ಳಿಗೆ. ದೊಡ್ಡಪ್ಪನ ಮಕ್ಳು ಇಲ್ವಾ ಅಲ್ಲಿ? ಅವ್ರ ಮಕ್ಳು ಇಲ್ವಾ? ಅವ್ರಿಗೆಲ್ಲ ಯಾರು ಏಳವ್ರೆ?”

ಕ್ಯಾಸಂಬಳ್ಳಿ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಳು, ನಾನು ಈಚೆ. ದಾರಿಯುದ್ದಕ್ಕೂ ಅವಳು ಹೊರಗೇ ನೋಡುತ್ತಿದ್ದಳು. ಕ್ಷಮಿಸಿದ್ದೀಯಾ ಎಂದು ಕೇಳಬೇಕು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಪ್ಪನ ಮನೆಗೆ ನಾವು ಕಾಲಿಟ್ಟು ಎಷ್ಟು ವರ್ಷವಾಗಿತ್ತೋ! ದೊಡ್ಡಪ್ಪನ ಮಗ ನಾಗರಾಜ ಮೊದಲು ನಮ್ಮ ಗುರುತು ಹಿಡಿಯಲಿಲ್ಲ. ಗುರುತು ಸಿಕ್ಕಿದ ಮೇಲೆ ಚಾಪೆ ಹಾಸಿದ, ಹೆಂಡತಿಯನ್ನು ಕೂಗಿದ, ಮಕ್ಕಳು ಮೊಮ್ಮಕ್ಕಳೆಲ್ಲ ಬಂದು ಸುತ್ತ ನಿಂತರು. ನಾಗರಾಜ ಒಂದು ಪಾದವನ್ನು ಪಂಚೆಯ ಅಂಚಿನ ಕೆಳಗೆ ಎಳೆದುಕೊಂಡು ಕುಳಿತಿದ್ದ. ಹೆಬ್ಬೆರಳಿಗೆ ಒಂದು ಚಿಂದಿ ಸುತ್ತಿತ್ತು.

“ಏನಣ್ಣಾ ಅದು?” ಎಂದಳು ಪದ್ಮಾ.

“ಏನಿಲ್ಲಮ್ಮಾ, ಮೊನ್ನೆ ಗುದ್ದಲಿ ತಗುಲ್ತು,” ಎಂದು ಅವನು ಇನ್ನಷ್ಟು ಮುದುರಿಕೊಂಡ. ಅವನ ಹೆಂಡತಿ ಸೊಸೆಯ ಕಡೆ ನೋಡಿ ತಲೆ ತಗ್ಗಿಸಿದಳು. ಆ ಮನೆಯಲ್ಲಿ ಕಾಲಿನ ಮಾತು ಆಡುವುದು ನಾಚಿಕೆಯ ವಿಷಯ ಎಂದು ಯಾರೂ ಹೇಳದೆ ನಮಗೆ ಗೊತ್ತಾಯಿತು.

ಪದ್ಮಾ ಎಲ್ಲರ ಮುಂದೆ ತನ್ನ ಚಪ್ಪಲಿ ಕಳಚಿ, ಒಂದು ಬೆರಳಿಲ್ಲದ ಪಾದವನ್ನು ಚಾಪೆಯ ಮಧ್ಯಕ್ಕೆ ಚಾಚಿದಳು. ಚಿಕ್ಕ ಮಕ್ಕಳು ಬಗ್ಗಿ ನೋಡಿದವು. ಆಮೇಲೆ ಅವಳು ನನ್ನ ತೋಳು ಹಿಡಿದು ಮುಂದಕ್ಕೆ ಎಳೆದಳು. ಅಷ್ಟು ತಿಂಗಳ ಮೇಲೆ ಅವಳ ಕೈ ನನ್ನನ್ನು ಮುಟ್ಟಿದ್ದು ಅದೇ ಮೊದಲು.

“ಇವಳು ನಮ್ಮಕ್ಕ ರತ್ನ,” ಎಂದಳು. “ನಮ್ಮಪ್ಪನ ಕಾಲಿನ ಇಸ್ಯದಾಗೆ ಊರ್ಗೆಲ್ಲ ಸುಳ್ಳೇಳ್ದೋಳು ಇವಳೇ. ಈಗ ನಿಜ ಏಳ್ತಾಳೆ, ಕೂತ್ಕೊಂಡು ಕೇಳಿ. ನಾಗರಾಜಣ್ಣಾ, ನೀನು ಮೊದ್ಲು ಕೇಳು. ಕೇಳಿದ್ ಮ್ಯಾಲೆ ನಮ್ ಜೊತೆ ಇದೇ ಬಸ್ಸಿಗೆ ಆಸ್ಪತ್ರೆಗೆ ಒರಡು.”

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಪದ್ಮಾ ನನ್ನ ತೋಳು ಬಿಟ್ಟಿರಲಿಲ್ಲ. ನಾನು ಅಜ್ಜಿಯಿಂದ ಶುರುಮಾಡಿದೆ.